ಹೆಬ್ಬಾತಿನ ಬೇಟೆ: ಗೊಂಬೆ ಹೆಚ್ಚಿದಷ್ಟೂ ಹಕ್ಕಿ ಹೆಚ್ಚುವುದಿಲ್ಲ

ಮಾನ್ಯ ಸಂಪಾದಕರೇ,

ಉತ್ತರ ಅಮೆರಿಕದಲ್ಲಿ ನಡೆಯುವ ಹೆಬ್ಬಾತುಗಳ ಬೇಟೆಯ ಕುರಿತು ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಎರಡು ಸಲ ಓದಿದೆ. ಬೇಟೆಯ ಮಾತೆಂದರೆ ಕೊಡಗಿನವರ ಕಿವಿ ತಾನಾಗಿಯೇ ನೆಟ್ಟಗಾಗುತ್ತದೆ. ನನಗಂತೂ ಇನ್ನೊಂದು ಕಾರಣವೂ ಇತ್ತು. ಕೆನಡಾದ ಸಸ್ಕಾಚೆವನ್ ಪ್ರಾಂತ್ಯದಲ್ಲಿ ಉದ್ಯೋಗದಲ್ಲಿದ್ದ ಹನ್ನೊಂದು ವರ್ಷಗಳಲ್ಲಿ ಒಂಬತ್ತು ಶರತ್ಕಾಲಗಳನ್ನು, ಅಲ್ಲಿನ ಪರವಾನಗಿ ಪಡೆದು, ಇದೇ ಬೇಟೆಯ ಹೊಲಗಳಲ್ಲಿ ಕಳೆದವನು ನಾನು. ಆದ್ದರಿಂದಲೇ ಲೇಖನದಲ್ಲಿ ಡಿಕಾಯ್‌ಗಳನ್ನು, ಅಂದರೆ ಹಕ್ಕಿಗಳನ್ನು ಸೆಳೆಯಲು ಹೊಲದಲ್ಲಿ ನಿಲ್ಲಿಸುವ ಗೊಂಬೆ ಹೆಬ್ಬಾತುಗಳನ್ನು, ಮತ್ತು ಹೆಬ್ಬಾತಿನ ಕೂಗನ್ನು ಅನುಕರಿಸುವ ಪೀಪಿಯನ್ನು ಆರಿಸುವ ಬಗ್ಗೆ ಬರೆದಿರುವ ಮಾತುಗಳನ್ನು ಹಾಗೆಯೇ ಬಿಡಲು ಮನಸ್ಸು ಒಪ್ಪಲಿಲ್ಲ. ‘ಗೊಂಬೆಗಳು ಎಷ್ಟು ಹೆಚ್ಚೋ ಅಷ್ಟು ಒಳ್ಳೆಯದು, ಪೀಪಿ ಎಷ್ಟು ಜೋರೋ ಅಷ್ಟು ಒಳ್ಳೆಯದು’ ಎಂಬುದು ಆ ಮಾತುಗಳ ಒಟ್ಟು ಧ್ವನಿ. ಅದು ಅಂಗಡಿಯವನಿಗೆ ಒಪ್ಪುವ ಮಾತೇ ಹೊರತು ಹಕ್ಕಿಗೆ ಒಪ್ಪುವ ಮಾತಲ್ಲ.

ಮೊದಲು ಅಲ್ಲಿನ ಹೊಲದ ಚಿತ್ರವನ್ನು ಸ್ವಲ್ಪ ಹೇಳಬೇಕು. ಹೆಬ್ಬಾತುಗಳು ರಾತ್ರಿಯನ್ನು ಸರೋವರದ ನೀರಿನ ಮೇಲೆ ಕಳೆದು, ಬೆಳಕು ಹರಿಯುತ್ತಿದ್ದಂತೆ ಕಟಾವಾದ ಗೋಧಿ, ಬಾರ್ಲಿ, ಬಟಾಣಿಯ ಹೊಲಗಳಿಗೆ ಮೇಯಲು ಬರುತ್ತವೆ. ಮಧ್ಯಾಹ್ನಕ್ಕೆ ನೀರಿಗೆ ಮರಳಿ ಸಂಜೆಯ ಮುಂಚೆ ಮತ್ತೊಮ್ಮೆ ಹೊಲಕ್ಕೆ ಇಳಿಯುತ್ತವೆ. ಬೇಟೆಗಾರನ ನಿಜವಾದ ಕೆಲಸ ಹಿಂದಿನ ಸಂಜೆಯೇ ಮುಗಿದಿರುತ್ತದೆ. ದುರ್ಬೀನು ಹಿಡಿದು ಹಳ್ಳಿದಾರಿಗಳಲ್ಲಿ ಸುತ್ತಿ, ಯಾವ ಹೊಲದ ಯಾವ ಮೂಲೆಯಲ್ಲಿ ಹಕ್ಕಿಗಳು ಇಳಿದಿವೆ, ಎಷ್ಟು ಇವೆ, ಯಾವ ಜಾತಿಯವು, ಒತ್ತೊತ್ತಾಗಿ ನಿಂತಿವೆಯೋ ಬಿಡಿಬಿಡಿಯಾಗಿ ಮೇಯುತ್ತಿವೆಯೋ ಎಂಬುದನ್ನು ನೋಡಿಕೊಂಡು, ಆ ಹೊಲದ ಯಜಮಾನನ ಮನೆಯ ಬಾಗಿಲು ತಟ್ಟಿ ಅನುಮತಿ ಕೇಳಬೇಕು. ಮರುದಿನ ನಸುಕಿನಲ್ಲಿ ಅದೇ ಜಾಗದಲ್ಲಿ, ಹಿಂದಿನ ಸಂಜೆ ಕಂಡ ಅದೇ ಚಿತ್ರವನ್ನು ಗೊಂಬೆಗಳಿಂದ ಮತ್ತೆ ಬರೆಯಬೇಕು. ಗೊಂಬೆಗಳನ್ನು ಆರಿಸುವುದೆಂದರೆ ಇಷ್ಟೇ. ಹಕ್ಕಿಗಳು ಇಳಿಯದ ಹೊಲದಲ್ಲಿ ಐನೂರು ಗೊಂಬೆ ನೆಟ್ಟರೂ ಅವು ಪಕ್ಕದ ಹೊಲಕ್ಕೇ ಹೋಗುತ್ತವೆ. ಅವು ಹಿಂದಿನ ದಿನ ಮೇಯ್ದ ಮೂಲೆಯಲ್ಲಿ ಎರಡು ಡಜನ್ ಸಾಕು.

ಲೇಖನದಲ್ಲಿ ಎಲ್ಲ ಹೆಬ್ಬಾತುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗಿದೆ. ಈ ಗೊಂದಲ ಬಹುಶಃ ಅಲ್ಲಿಂದಲೇ ಹುಟ್ಟಿತು. ಬೆಳ್ಳಗಿನ ಸ್ನೋ ಗೂಸ್ ಸಾವಿರಗಟ್ಟಲೆ ಒಟ್ಟಿಗೆ ಹಾರುವ, ಒಟ್ಟಿಗೆ ಮೇಯುವ ಹಕ್ಕಿ. ಅದಕ್ಕೆ ನೂರಾರು, ಕೆಲವೊಮ್ಮೆ ಸಾವಿರಕ್ಕೂ ಮಿಕ್ಕಿದ ಗೊಂಬೆಗಳನ್ನು ಹೂಡುವುದು ನಿಜ. ಅಷ್ಟನ್ನು ಹೊರಲು ಸಾಧ್ಯವಾಗುವುದೂ ಅವು ಗಾಳಿ ತುಂಬಿದಾಗ ಉಬ್ಬಿ ಅಲುಗಾಡುವ, ಕೋಲಿಗೆ ಸಿಕ್ಕಿಸಿದ ಬಟ್ಟೆಯ ಚೀಲಗಳಾಗಿರುವುದರಿಂದ. ಈ ಹಕ್ಕಿಯ ಸಂಖ್ಯೆ ಮಿತಿಮೀರಿ, ಹಡ್ಸನ್ ಕೊಲ್ಲಿಯ ಸುತ್ತಲ ತಂಡ್ರಾ ನೆಲದ ಹುಲ್ಲನ್ನು ಬೇರುಸಹಿತ ಕಿತ್ತು ತಿಂದು ಬರಡು ಮಾಡುತ್ತಿದ್ದುದರಿಂದ, 1999ರಲ್ಲಿ ಅಮೆರಿಕ ವಿಶೇಷ ಆದೇಶದ ಮೂಲಕ ಇದರ ಬೇಟೆಗೆ ವಿದ್ಯುತ್ ಧ್ವನಿಯಂತ್ರದ ಬಳಕೆಗೆ ಅವಕಾಶ ಕೊಟ್ಟಿತು. ಲೇಖಕರು ವಿವರಿಸಿರುವ ‘ಮೈಲಿ ದೂರಕ್ಕೆ ಕೇಳುವ ಧ್ವನಿಪೆಟ್ಟಿಗೆ’ ಈ ವಿನಾಯಿತಿಗೆ ಸೇರಿದ್ದು. ಅದನ್ನೇ ಕೆನಡಾ ಗೂಸ್‌ನ ಸಾಮಾನ್ಯ ಋತುವಿನ ಬೇಟೆಗೆ ಒಯ್ದವನು ಅಲ್ಲಿ ಕಾನೂನು ಮುರಿದವನಾಗುತ್ತಾನೆ.

ಕೆನಡಾ ಗೂಸ್‌ನ ಕಥೆ ಬೇರೆ. ಕಪ್ಪು ಕತ್ತು, ಗಲ್ಲದ ಮೇಲೆ ಬಿಳಿ ಪಟ್ಟಿ ಇರುವ ಈ ದೊಡ್ಡ ಹಕ್ಕಿಯ ಮರಿಗಳು ಮೊದಲ ಚಳಿಗಾಲ ಪೂರ್ತಿ ತಂದೆತಾಯಿಯ ಜೊತೆಗೇ ಇರುತ್ತವೆ. ಸೆಪ್ಟೆಂಬರ್‌ನಲ್ಲಿ ಹೊಲಕ್ಕೆ ಇಳಿಯುವವು ಇಂಥ ಸಂಸಾರಗಳೇ: ಇಲ್ಲಿ ಐದು, ಅಲ್ಲಿ ಆರು, ನಡುವೆ ಬಯಲು. ಆ ತಿಂಗಳಲ್ಲಿ ನೂರು ಗೊಂಬೆಗಳನ್ನು ಒಂದೇ ರಾಶಿಯಾಗಿ ನಿಲ್ಲಿಸಿದರೆ, ಮದುವೆ ಮನೆಗೆ ತಪ್ಪಿ ಬಂದವರಂತೆ ಆ ಸಂಸಾರಗಳು ಮೇಲಿನಿಂದಲೇ ನೋಡಿ ಮುಂದೆ ಸಾಗುತ್ತವೆ. ಅಕ್ಟೋಬರ್ ಕಳೆಯುತ್ತಿದ್ದಂತೆ ಉತ್ತರದಿಂದ ವಲಸೆಯ ದಂಡುಗಳು ಬಂದು ಸೇರುತ್ತವೆ, ಆಗ ಗೊಂಬೆಗಳ ಸಂಖ್ಯೆಯನ್ನು ಹೆಚ್ಚಿಸುವುದಕ್ಕೆ ಅರ್ಥವಿದೆ. 2004ರಲ್ಲಿ ಪ್ರತ್ಯೇಕ ಪ್ರಭೇದವೆಂದು ಗುರುತಿಸಲಾದ, ನೋಡಲು ಕೆನಡಾ ಗೂಸ್‌ನದೇ ಕಿರಿಯ ಪ್ರತಿಯಂತಿರುವ ಕ್ಯಾಕ್ಲಿಂಗ್ ಗೂಸ್ ಗುಂಪುಗುಂಪಾಗಿ ಕೀರಲು ದನಿಯಲ್ಲಿ ಗದ್ದಲ ಮಾಡುತ್ತ ಬರುತ್ತದೆ. ಅದಕ್ಕೆ ಗೊಂಬೆಗಳನ್ನು ಇನ್ನೂ ಒತ್ತಾಗಿ ಹೂಡಬೇಕು.

ಇನ್ನು ಗೊಂಬೆಯ ಬಗೆಗಳು. ಪೂರ್ಣ ಮೈಯ ಗೊಂಬೆ ಕಣ್ಣಿಗೆ ಅತ್ಯಂತ ನಿಜ, ಬೆಲೆಗೂ ಬೆನ್ನಿಗೂ ಅತ್ಯಂತ ಭಾರ. ಕೆಲವು ಡಜನ್ ಆಗುವಷ್ಟರಲ್ಲಿ ಟ್ರೈಲರ್ ಬೇಕಾಗುತ್ತದೆ. ಒಂದರೊಳಗೊಂದು ಬಟ್ಟಲಿನಂತೆ ಕೂರುವ ಚಿಪ್ಪಿನ ಗೊಂಬೆಗೆ ಕಾಲುಗಳಿಲ್ಲ, ಆದ್ದರಿಂದ ಅದು ನೆಲಕ್ಕೆ ಕುಳಿತ ಹಕ್ಕಿಯಂತೆ ಕಾಣುತ್ತದೆ. ಕೊರೆಯುವ ಚಳಿಯಲ್ಲಿ ಹೆಬ್ಬಾತುಗಳು ಕಾಲುಗಳನ್ನು ಗರಿಗಳೊಳಗೆ ಮುಚ್ಚಿಕೊಂಡು ಕೂರುವುದರಿಂದ ನವೆಂಬರ್‌ನಲ್ಲಿ ಅದೇ ಸರಿಯಾದ ಆಯ್ಕೆ. ಚಪ್ಪಟೆ ಹಲಗೆಯ ಮೇಲೆ ಹಕ್ಕಿಯ ಚಿತ್ರ ಮುದ್ರಿಸಿದ ಗೊಂಬೆಯನ್ನು ಲೇಖನ ‘ಬಡವರ ಪಾಲಿನದು’ ಎಂದು ತಳ್ಳಿಹಾಕಿದೆ. ನಾನು ಒಪ್ಪುವುದಿಲ್ಲ. ಒಂದು ಡಜನ್ ಹಲಗೆಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೆಸರಿನ ಹೊಲದಲ್ಲಿ ಅರ್ಧ ಮೈಲಿ ನಡೆಯಬಹುದು. ಅದಕ್ಕಿಂತ ಮುಖ್ಯವಾಗಿ, ಅವುಗಳನ್ನು ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿ ನೆಟ್ಟಾಗ, ಮೇಲೆ ಸುತ್ತುವ ಹಕ್ಕಿಗೆ ಒಂದೊಂದು ಗೊಂಬೆ ಅಡ್ಡಲಾದಾಗ ಕಂಡು, ಅಂಚು ತಿರುಗಿದಾಗ ಮರೆಯಾಗಿ, ಕೆಳಗೆ ಜೀವಂತ ಹಿಂಡೊಂದು ಅತ್ತಿತ್ತ ನಡೆದಾಡುತ್ತಿರುವಂತೆ ತೋರುತ್ತದೆ. ಬೆಲೆಯಲ್ಲಿ ಕಡಿಮೆ ಎಂಬ ಒಂದೇ ಕಾರಣಕ್ಕೆ ಕೀಳೆನ್ನುವುದು ನ್ಯಾಯವಲ್ಲ.

ಹೊಳಪಿನ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲ. ಇದನ್ನು ನಾನು ದುಡ್ಡು ತೆತ್ತು ಕಲಿತೆ. ಮೊದಲ ವರ್ಷ ಅಂಗಡಿಯೊಂದರಲ್ಲಿ ರಿಯಾಯಿತಿ ದರಕ್ಕೆ ಸಿಕ್ಕ ನಲವತ್ತು ಪ್ಲಾಸ್ಟಿಕ್ ಗೊಂಬೆಗಳನ್ನು ಕೊಂಡು, ಬಾರ್ಲಿ ಕೂಳೆಯ ನಡುವೆ ಕತ್ತಲಲ್ಲೇ ನೆಟ್ಟು, ಮೈಮೇಲೆ ಹುಲ್ಲು ಹೊದ್ದು ಮಲಗಿದ್ದೆ. ಸೂರ್ಯ ಹುಟ್ಟುವವರೆಗೂ ಎಲ್ಲವೂ ಸರಿಯಾಗಿಯೇ ಇತ್ತು. ಬಿಸಿಲಿನ ಮೊದಲ ಗೆರೆ ಹೊಲಕ್ಕೆ ಬಿದ್ದ ಕ್ಷಣ, ಇಬ್ಬನಿಯಲ್ಲಿ ತೊಯ್ದ ನಲವತ್ತೂ ಬೆನ್ನುಗಳು ಒಟ್ಟಿಗೆ, ಬೆಳಗಿಟ್ಟ ಹಿತ್ತಾಳೆ ಚೊಂಬುಗಳಂತೆ ಫಳಫಳಿಸಿದವು. ರೆಕ್ಕೆ ಬಾಗಿಸಿ ಇಳಿಯತೊಡಗಿದ್ದ ಇಪ್ಪತ್ತಕ್ಕೂ ಮಿಕ್ಕ ಹಕ್ಕಿಗಳ ಸಾಲೊಂದು ಇನ್ನೂರು ಗಜ ದೂರದಲ್ಲೇ ಬೆದರಿ ಮೇಲೆದ್ದಿತು. ಆ ಬೆಳಿಗ್ಗೆ ಮತ್ತೆ ಯಾವ ಹಕ್ಕಿಯೂ ಇತ್ತ ಸುಳಿಯಲಿಲ್ಲ. ಪಕ್ಕದ ಹೊಲದ ಮುದುಕ ರೈತರೊಬ್ಬರು ಬಂದು, ಏನೂ ಮಾತಾಡದೆ, ಒಂದು ಗೊಂಬೆಯನ್ನು ಎತ್ತಿ ಅದರ ಬೆನ್ನಿಗೆ ಹೊಲದ ಒದ್ದೆ ಮಣ್ಣನ್ನು ಬಳಿದು ಕೆಳಗಿಟ್ಟರು. ಅದೊಂದು ಮಾತ್ರ ಹಕ್ಕಿಯಂತೆ ಕಂಡಿತು. ತಲೆ ಮತ್ತು ಕತ್ತಿಗೆ ಮಖಮಲ್ಲಿನಂಥ ನವಿರು ನಾರು ಅಂಟಿಸಿದ ಗೊಂಬೆಗಳಿಗೆ ಹೆಚ್ಚು ಹಣ ಕೇಳುವುದು ಏಕೆಂದು ಅಂದು ತಿಳಿಯಿತು. ಅವು ಬೆಳಕನ್ನು ಹೀರಿಕೊಳ್ಳುತ್ತವೆ. ಕೊಳ್ಳುವವನು ಅಂಗಡಿಯ ದೀಪದ ಕೆಳಗೆ ನೋಡಿ ಮೆಚ್ಚುವ ಬದಲು ಒಂದನ್ನು ನೀರಲ್ಲಿ ಅದ್ದಿ ಬಿಸಿಲಿಗೆ ಹಿಡಿದು ನೋಡಬೇಕು.

ಗೊಂಬೆಗಳ ಭಂಗಿಯೂ ಮುಖ್ಯ. ತಲೆ ತಗ್ಗಿಸಿ ಮೇಯುವವು ಹೆಚ್ಚಿರಬೇಕು, ಕತ್ತು ನಿಗುರಿಸಿ ಕಾವಲು ನಿಂತವು ಹತ್ತಕ್ಕೊಂದೋ ಎರಡೋ ಇದ್ದರೆ ಸಾಕು. ಎಲ್ಲವೂ ಕತ್ತೆತ್ತಿ ನಿಂತ ಹಿಂಡು ಗಾಬರಿಗೊಂಡ ಹಿಂಡು. ಅದನ್ನು ಕಂಡು ಯಾವ ಹಕ್ಕಿ ಇಳಿದೀತು? ಹೆಬ್ಬಾತು ಗಾಳಿಗೆ ಎದುರಾಗಿಯೇ ನೆಲಕ್ಕಿಳಿಯುತ್ತದೆ. ಆದ್ದರಿಂದ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಮರೆಯಲ್ಲಿ ಕುಳಿತು, ಎದುರಿಗೆ ಲಾಳದ ಆಕಾರದಲ್ಲಿ ಗೊಂಬೆಗಳನ್ನು ಹೂಡಿ, ಅದರ ತೆರೆದ ಬಾಯಿ ಗಾಳಿ ಹೋಗುವ ದಿಕ್ಕಿಗೆ ಇರುವಂತೆ ಬಿಡಬೇಕು. ಮಧ್ಯದಲ್ಲಿ ಇಳಿಯಲು ಅಂಗಳದಷ್ಟು ಖಾಲಿ ಜಾಗ ಇರಲೇಬೇಕು. ಲೇಖನದೊಂದಿಗೆ ಅಚ್ಚಾದ ನಕ್ಷೆಯಲ್ಲಿ ಆ ಅಂಗಳವೇ ಇಲ್ಲ, ಗೊಂಬೆಗಳು ಕಾಫಿ ಗಿಡಗಳಂತೆ ಸಮ ಅಂತರದ ಸಾಲುಗಳಲ್ಲಿ ನಿಂತಿವೆ. ತೋಟಕ್ಕೆ ಅದು ಚಂದ.

ಪೀಪಿಯ ವಿಷಯಕ್ಕೆ ಬಂದರೆ, ಲೇಖಕರು ಅದರ ದನಿಯ ಜೋರನ್ನು ಹೊಗಳಿ, ಬೆಲೆಯನ್ನು ತಿಳಿಸಿ ನಿಲ್ಲಿಸಿದ್ದಾರೆ. ಅಲ್ಲಿ ಮುಖ್ಯವಾಗಿ ಬಳಕೆಯಲ್ಲಿರುವವು ಕೊಳಲಿನಂತೆ ಉದ್ದವಾದ ಫ್ಲೂಟ್ ಮತ್ತು ಮೋಟಾದ ಶಾರ್ಟ್ ರೀಡ್. ಉದ್ದನೆಯದು ಕಲಿಯಲು ಸುಲಭ, ತಗ್ಗಿನ ಮೆತ್ತನೆಯ ದನಿ. ಆದರೆ ಅದರ ಭಾಷೆ ನಾಲ್ಕೈದು ಮಾತುಗಳಿಗೆ ಮುಗಿಯುತ್ತದೆ. ಶಾರ್ಟ್ ರೀಡ್‌ನಲ್ಲಿ ಹೆಬ್ಬಾತಿನ ಎಲ್ಲ ಮಾತುಗಳನ್ನೂ ಆಡಬಹುದು, ಆದರೆ ತಿಂಗಳುಗಟ್ಟಲೆ ಅಭ್ಯಾಸ ಬೇಕು. ಹೊರಗಿನ ಕೊಳವೆ ಅಕ್ರಿಲಿಕ್ ಆದರೆ ದನಿ ಚೂಪು, ಮರದ್ದಾದರೆ ಮೆದು ಎನ್ನುವುದು ನಿಜವಾದರೂ, ದನಿ ಹುಟ್ಟುವುದು ಒಳಗಿನ ತೆಳ್ಳನೆಯ ಮೈಲಾರ್ ಪ್ಲಾಸ್ಟಿಕ್ಕಿನ ನಾಲಿಗೆಯಲ್ಲಿ, ಅಂದರೆ ರೀಡ್‌ನಲ್ಲಿ. ಆ ರೀಡನ್ನು ನಡುಗಿಸುವುದು ಕೆನ್ನೆಯ ಗಾಳಿಯಲ್ಲ, ಹೊಟ್ಟೆಯಿಂದ ಬರುವ ಬೆಚ್ಚಗಿನ ಉಸಿರು. ಕನ್ನಡಿಯ ಮೇಲೆ ಆವಿ ಹಿಡಿಸಲು ‘ಹಾ’ ಎಂದು ಉಸಿರು ಬಿಡುತ್ತೇವಲ್ಲ, ಆ ಉಸಿರು. ಪೀಪಿಯ ತುದಿಗೆ ಬೊಗಸೆ ಹಿಡಿದ ಕೈ ಆ ಉಸಿರನ್ನು ತಡೆದು ಹಿಂದಕ್ಕೊತ್ತುತ್ತದೆ. ಒತ್ತಡ ಸಾಕಷ್ಟಾದಾಗ ಕೈ ತೆರೆದರೆ ತಗ್ಗಿನ ದನಿ ಒಮ್ಮೆಗೇ ಮುರಿದು ಮೇಲಕ್ಕೇರುತ್ತದೆ, ಆ ಮುರಿತವೇ ಕೆನಡಾ ಗೂಸ್‌ನ ‘ಹಾಂಕ್’. ನಮ್ಮ ಊರಿನಲ್ಲಿ ಹಬ್ಬಕ್ಕೆ ಕೊಂಬು ಊದುವವರನ್ನು ಗಮನಿಸಿದವರಿಗೆ ಇದು ಹೊಸದೇನಲ್ಲ. ಚೆನ್ನಾಗಿ ಊದುವವರ ಕೆನ್ನೆ ಉಬ್ಬುವುದೇ ಇಲ್ಲ. ಅಲ್ಲಿನ ಚಳಿಯಲ್ಲಿ ಮಾತ್ರ ಒಂದು ತೊಂದರೆ, ಉಸಿರಿನ ತೇವ ರೀಡಿನ ಮೇಲೆ ಹೆಪ್ಪುಗಟ್ಟಿ ಪೀಪಿ ಮೂಕವಾಗುತ್ತದೆ. ಅದನ್ನು ಅಂಗಿಯೊಳಗೆ ಎದೆಗೆ ತಾಗಿಸಿಕೊಂಡು ಇಟ್ಟುಕೊಳ್ಳಬೇಕು.

ಜೋರಾಗಿ ಊದುವುದು ಯಾವಾಗ ಎಂಬುದಕ್ಕೂ ಲೆಕ್ಕವಿದೆ. ಹಕ್ಕಿ ದೂರದಲ್ಲಿದ್ದು ಬೆನ್ನು ತೋರಿಸುತ್ತಿರುವಾಗ, ಇಲ್ಲವೇ ಪಕ್ಕಕ್ಕೆ ವಾಲುತ್ತಿರುವಾಗ ಕರೆಯಬೇಕು. ನಮ್ಮತ್ತಲೇ ನೇರವಾಗಿ ಬರುತ್ತಿರುವ, ರೆಕ್ಕೆ ಬಡಿಯುವುದನ್ನು ನಿಲ್ಲಿಸಿ ಕಾಲು ಇಳಿಬಿಟ್ಟ ಹಕ್ಕಿಗೆ ಏನನ್ನೂ ಹೇಳಬಾರದು, ಹೇಳಿದರೂ ಹೊಟ್ಟೆ ತುಂಬಿ ಮೇಯುವ ಹಕ್ಕಿಯ ಗುನುಗು ಸಾಕು. ಮೊದಲ ಎರಡು ವರ್ಷ ನಾನು ಉತ್ಸಾಹದಿಂದ ಊದಿ ಊದಿಯೇ ಇಳಿಯುವ ಹಕ್ಕಿಗಳನ್ನು ಓಡಿಸಿದ್ದೇನೆ. ನನ್ನ ಅಜ್ಜನಿಗೆ ಇದು ಯಾವ ಪೀಪಿಯೂ ಇಲ್ಲದೆ ತಿಳಿದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬರುವುದಕ್ಕಿಂತ ಮುಂಚಿನ ದಿನಗಳಲ್ಲಿ ಅವರು ಲಂಟಾನ ಪೊದೆಯ ಹಿಂದೆ ಕುಳಿತು, ತಲೆಯ ವಸ್ತ್ರದ ಚುಂಗನ್ನು ತೊಡೆಗೆ ಪಟಪಟನೆ ಬಡಿದು ಕಾಡುಕೋಳಿ ಹುಂಜದ ರೆಕ್ಕೆಯ ಸದ್ದು ಮಾಡುತ್ತಿದ್ದರು. ಆಚೆಯಿಂದ ಹುಂಜ ಉತ್ತರ ಕೊಟ್ಟಿತೆಂದರೆ ಮುಗಿಯಿತು, ಮತ್ತೆ ಬಡಿಯುತ್ತಿರಲಿಲ್ಲ. ನಾನು ಬಡಿಯಲು ಹೋದರೆ ಕೈ ಹಿಡಿಯುತ್ತಿದ್ದರು.

ಇಂಥ ಮೋಸ ಮನುಷ್ಯನಿಗೆ ಬಹಳ ಹಳೆಯದು. ಹಳಗನ್ನಡದಲ್ಲಿ ಇದಕ್ಕೆ ‘ದೀವ’, ‘ದೀಹ’ ಎಂಬ ಮಾತೇ ಇದೆ. ಪಳಗಿಸಿದ ಜಿಂಕೆಯನ್ನು ಮುಂದೆ ಬಿಟ್ಟು ಕಾಡಿನ ಜಿಂಕೆಯನ್ನು ಸೆಳೆಯುವುದು ದೀಹದ ಮಿಗ. ಅಮೆರಿಕದ ನೆವಾಡಾದಲ್ಲಿ ಲವ್‌ಲಾಕ್ ಎಂಬ ಗುಹೆಯಲ್ಲಿ 1924ರಲ್ಲಿ ಸಿಕ್ಕ, ಜೊಂಡಿನಿಂದ ಹೆಣೆದ ಬಾತಿನ ಗೊಂಬೆಗಳು ಸುಮಾರು 2000 ವರ್ಷ ಹಿಂದಿನವು. ಜೀವಂತ ಹಕ್ಕಿಯ ಕಾಲಿಗೆ ಹಗ್ಗ ಕಟ್ಟಿ ದೀಹವಾಗಿ ಬಳಸುವುದನ್ನು ಅಮೆರಿಕ 1935ರಲ್ಲೇ ನಿಷೇಧಿಸಿತು. ಲೇಖನ ಇದನ್ನು ಇಂದಿಗೂ ನಡೆಯುವ ಪದ್ಧತಿ ಎಂಬಂತೆ ವರ್ಣಿಸಿರುವುದು ತಪ್ಪು.

ಇಷ್ಟನ್ನು ನಾನು ಬರೆಯದೆಯೂ ಇರುತ್ತಿದ್ದೆನೇನೋ. ಲೇಖನ ಬಂದ ಮೂರನೆಯ ವಾರ ನನ್ನ ಅಕ್ಕನ ಮಗ ಮನೆಗೆ ಬಂದು, ಆನ್‌ಲೈನ್‌ನಲ್ಲಿ ತರಿಸಿದ ಒಂದು ಪೀಪಿಯನ್ನೂ ಗಾಳಿ ತುಂಬಿಸುವ ಆರು ಗೊಂಬೆಗಳನ್ನೂ ಮೇಜಿನ ಮೇಲೆ ಹರಡಿ, “ಮಾವ, ಡಿಸೆಂಬರಿನಲ್ಲಿ ಮೈಸೂರಿನ ಕಡೆ ಕೆರೆಗಳಿಗೆ ಹೆಬ್ಬಾತು ಬರುತ್ತವಲ್ಲ, ಇದನ್ನು ಊದಿದರೆ ಹತ್ತಿರ ಬರುತ್ತವೆಯೇ?” ಎಂದು ಕೇಳಿದ. ಲೇಖನವನ್ನು ಕತ್ತರಿಸಿ ಜೇಬಿನಲ್ಲೇ ಇಟ್ಟುಕೊಂಡಿದ್ದ. ಕೋವಿಯ ಮಾತೂ ಅವನ ಬಾಯಲ್ಲಿ ಬಂದಿತು.

ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೂ, ಗದಗ ಜಿಲ್ಲೆಯ ಮಾಗಡಿ ಕೆರೆಗೂ ಚಳಿಗಾಲದಲ್ಲಿ ಬರುವುದು ಪಟ್ಟೆತಲೆ ಹೆಬ್ಬಾತು; ಮಂಗೋಲಿಯಾ, ಟಿಬೆಟ್ಟುಗಳಲ್ಲಿ ಮರಿ ಮಾಡಿ ಹಿಮಾಲಯವನ್ನು ಹಾರಿ ದಾಟಿ ಬರುವ ಹಕ್ಕಿ. ಮಂಗೋಲಿಯಾದಲ್ಲಿ ಕತ್ತಿಗೆ ಗುರುತಿನ ಪಟ್ಟಿ ತೊಡಿಸಿದ ಹಕ್ಕಿಗಳು ನಮ್ಮ ರಾಜ್ಯದ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ಮಾಗಡಿ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಪಟ್ಟೆತಲೆ ಹೆಬ್ಬಾತಿನ ಕೂಗು ಮೂಗಿನಿಂದ ಹೊರಟಂಥ ತಗ್ಗಿನ ‘ಆಂಗ್, ಆಂಗ್’. ಕೆನಡಾ ಗೂಸ್‌ನ ಪೀಪಿ ಅದಕ್ಕೆ ಪರಭಾಷೆ, ಕಪ್ಪು ಕತ್ತಿನ ಗೊಂಬೆ ಅದಕ್ಕೆ ಪರಕೀಯ. ಕೆಲಸಕ್ಕೆ ಬಾರದು ಎನ್ನುವುದು ಚಿಕ್ಕ ಮಾತು. ದೊಡ್ಡ ಮಾತೆಂದರೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂದರೆ ಗುಂಡು ಹೊಡೆದು ಕೊಲ್ಲುವುದು ಮಾತ್ರವಲ್ಲ. ಹಿಡಿಯುವುದು, ಉರುಲು ಒಡ್ಡುವುದು, ಬೆನ್ನಟ್ಟುವುದು, ಆಮಿಷ ಒಡ್ಡುವುದು, ಇವುಗಳಲ್ಲಿ ಯಾವುದೇ ಒಂದರ ಪ್ರಯತ್ನ ಮಾಡುವುದು ಕೂಡ ಆ ವ್ಯಾಖ್ಯೆಯೊಳಗೆ ಬರುತ್ತದೆ. ಪರವಾನಗಿ ಪಡೆದು ಬೇಟೆಯಾಡುವ ಹಳೆಯ ವ್ಯವಸ್ಥೆ 1991ರ ತಿದ್ದುಪಡಿಯೊಂದಿಗೆ ಮುಗಿಯಿತು. ಕೋವಿ ತೆಗೆದುಕೊಂಡು ಗೊಂಬೆ ಹೂಡಿ ಕೆರೆಯ ದಂಡೆಯಲ್ಲಿ ಕುಳಿತವನು ಒಂದು ಗರಿಯನ್ನೂ ಉದುರಿಸದೆಯೇ ಅಪರಾಧಿಯಾಗಬಲ್ಲ.

ಕೋವಿಯ ವಿಷಯದಲ್ಲಿ ನಮ್ಮ ಹುಡುಗರಿಗಿರುವ ಒಂದು ತಪ್ಪು ಕಲ್ಪನೆಯನ್ನೂ ಇಲ್ಲಿ ಹೇಳಲೇಬೇಕು. ಕೊಡವರಿಗೂ ಜಮ್ಮಾ, ಅಂದರೆ ವಂಶಪಾರಂಪರ್ಯ ಭೂಮಿಯ, ಹಿಡುವಳಿದಾರರಿಗೂ 1861ರಿಂದ ಬಂದಿರುವ, ಕೇಂದ್ರ ಸರ್ಕಾರ 2019ರಲ್ಲಿ 2029ರವರೆಗೆ ಮುಂದುವರಿಸಿರುವ ವಿನಾಯಿತಿ ಆಯುಧ ಪರವಾನಗಿಗೆ ಸಂಬಂಧಿಸಿದ್ದು. ಅದು ಕೋವಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವ, ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ನಂದು ಹೂವಿಟ್ಟು ಪೂಜಿಸುವ, ತೆಂಗಿನಕಾಯಿಗೆ ಗುರಿಯಿಡುವ ಹಕ್ಕು. ಬೇಟೆಯ ಅನುಮತಿ ಅದರಲ್ಲಿ ಎಲ್ಲಿಯೂ ಇಲ್ಲ. ಒಬ್ಬ ಹುಡುಗನ ಉತ್ಸಾಹದಿಂದ ಆ ಹಕ್ಕಿನ ಮೇಲೆ ಮತ್ತೆ ಮೊಕದ್ದಮೆ ಬೀಳುವಂತಾಗಬಾರದು ಎಂಬ ಆತಂಕವೂ ಈ ಪತ್ರಕ್ಕೆ ಕಾರಣ. ಲೇಖನದ ಕೊನೆಗೆ ಎರಡು ಸಾಲಿನಲ್ಲಿ, ಇದು ಆ ದೇಶದ ಕಾನೂನಿನೊಳಗಿನ ವಿಷಯ, ನಮ್ಮಲ್ಲಿ ಇದು ನಿಷಿದ್ಧ ಎಂದು ಬರೆದಿದ್ದರೆ ಸಾಕಿತ್ತು.

ಪರದೇಶದ ಬೇಟೆಯ ಬಗ್ಗೆ ಕನ್ನಡದಲ್ಲಿ ಬರೆಯಲೇಬಾರದು ಎನ್ನುವವನು ನಾನಲ್ಲ. ಹಕ್ಕಿಯೊಂದರ ನಡವಳಿಕೆಯನ್ನು ಬೇಟೆಗಾರ ತಿಳಿದಷ್ಟು ಸೂಕ್ಷ್ಮವಾಗಿ ತಿಳಿದವರು ಕಡಿಮೆ, ಆ ತಿಳಿವಳಿಕೆ ನಮ್ಮ ಭಾಷೆಗೂ ಬರಲಿ. ನಾನು ಕೇಳುವುದು ಬರುವ ವಾರದ ಪುರವಣಿಯಲ್ಲಿ ಒಂದು ತಿದ್ದುಪಡಿಯನ್ನು. ಅದರ ಜೊತೆಗೆ ಚಿತ್ರದ ಅಡಿಬರಹವನ್ನೂ ಸರಿಪಡಿಸುವುದು ಒಳ್ಳೆಯದು: ‘ಹೆಬ್ಬಾತಿನ ಗೊಂಬೆಗಳು’ ಎಂದು ತಾವು ಅಚ್ಚು ಹಾಕಿರುವ, ನೀರಿನ ಮೇಲೆ ತೇಲುತ್ತಿರುವ ಹಸಿರು ತಲೆಯ ಆ ಹನ್ನೆರಡು ಗೊಂಬೆಗಳು ಹೆಬ್ಬಾತುಗಳಲ್ಲ, ಮಲ್ಲಾರ್ಡ್ ಬಾತಿನ ಗಂಡುಗಳು.

ತಮ್ಮ ವಿಶ್ವಾಸಿ,
ಒಬ್ಬ ಓದುಗ
ಪೊನ್ನಂಪೇಟೆ, ಕೊಡಗು